ಅಡ್ಡ ಎಳೆ

ದಿಮ್ಮಿ ಆರನೆಯ ಊರುಗೋಲನ್ನು ಮೇಜಿನ ಮೇಲಿಟ್ಟಾಗ ಮೇಸ್ತ್ರಿಯ ಕೈ ತನ್ನಷ್ಟಕ್ಕೇ ಕೊಡತಿಯ ಕಡೆ ಸರಿಯಿತು. ಆರು ಭಾನುವಾರ, ಆರು ಕೋಲು. ಹಿಂದಿನ ಐದೂ ಮುರಿದಿದ್ದವು.

ಬಡಾವಣೆಯವರು ಸೇರಿ ಹಳೆಯ ಗೋದಾಮಿನಲ್ಲಿ ನಡೆಸುತ್ತಿದ್ದ ಕಾರ್ಯಾಗಾರ ಅದು. ವಾರವೆಲ್ಲ ಯಾರು ಬೇಕಾದರೂ ಬಂದು ಕೊಯ್ಯಬಹುದು, ಕೆತ್ತಬಹುದು, ಹೊಲಿಯಬಹುದು. ಭಾನುವಾರ ಮಧ್ಯಾಹ್ನ ಮಾತ್ರ ಮಾಡಿದ್ದನ್ನು ತಂದು ಎಲ್ಲರ ಮುಂದಿಡಬೇಕು. ಆಗ ಮೇಸ್ತ್ರಿ ಕೇಳುವುದು ಎರಡೇ ಪ್ರಶ್ನೆ. ಮೊದಲನೆಯದಕ್ಕೆ ಎಲ್ಲರೂ ನಗುನಗುತ್ತ ಉತ್ತರಿಸುತ್ತಾರೆ, ಎರಡನೆಯದಕ್ಕೆ ತಲೆ ಕೆರೆದುಕೊಳ್ಳುತ್ತಾರೆ.

"ಯಾರಿಗೆ ಮಾಡಿದ್ದು?"

"ಅಪ್ಪಂಗೆ" ಎಂದ ದಿಮ್ಮಿ.

"ಎಲ್ಲಿ ಕೆಟ್ಟಿತು?"

"ಎಲ್ಲೂ ಇಲ್ಲ ಮೇಸ್ತ್ರಿ. ಬೇಕಾದ ಹಾಗೇ ಬಂದಿದೆ."

ಲಾರಿಗೆ ಮೂಟೆ ಹೊರುವ ಆಳು ಅವನು. ನಲವತ್ತು ದಾಟಿದ್ದರೂ ಮೈ ಬಾಗಿಲಿನಷ್ಟು ಅಗಲ. ಇವನನ್ನು ನಿಲ್ಲಿಸಿದರೆ ಗೋದಾಮಿಗೆ ಇನ್ನೊಂದು ಕಂಬ ಬೇಡ ಎಂದು ನಗೆಯಾಡಿ ದಿಮ್ಮಿ ಎಂದು ಹೆಸರಿಟ್ಟಿದ್ದರು. ಸುಡು ಬಿಸಿಲಿನಲ್ಲೂ ತುಂಬುತೋಳಿನ ದಪ್ಪ ಅಂಗಿ ತೊಟ್ಟಿರುತ್ತಿದ್ದ. ಕುರ್ಚಿ ಕೊಟ್ಟರೂ ಬೆನ್ನು ಒರಗಿಸದೆ ತುದಿಯಲ್ಲಿ ಕೂರುತ್ತಿದ್ದ.

ಮೇಸ್ತ್ರಿ ಕೋಲನ್ನು ಬೆಳಕಿಗೆ ಹಿಡಿದ. ಹಿಡಿಯಿಂದ ಗೇಣು ಕೆಳಗೆ ಮರದ ಎಳೆ ಅಡ್ಡ ಹಾಯ್ದಿತ್ತು. ಎಳೆ ಉದ್ದಕ್ಕಿದ್ದರೆ ಕೋಲು ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಅಡ್ಡಕ್ಕಿದ್ದರೆ ಕಥೆ ಮುಗಿಯಿತು. ಹೊಸಬರು ತಿಳಿಯದೆ ಮಾಡುವ ತಪ್ಪು. ಆದರೆ ದಿಮ್ಮಿ ಹೊಸಬನಲ್ಲ. ಮೇಸ್ತ್ರಿ ಕೂತಿದ್ದ ಮಣೆಯನ್ನೇ ಅವನು ಮಾಡಿದ್ದ, ಅದರ ಸಂದಿನಲ್ಲಿ ಕೂದಲೂ ತೂರುತ್ತಿರಲಿಲ್ಲ. ಅಂದರೆ ಇವನು ಬೇಕೆಂದೇ ಇಂಥ ತುಂಡು ಹುಡುಕಿದ್ದಾನೆ.

ಬೆಳಿಗ್ಗೆ ಟೈಲರಮ್ಮ ಹೇಳಿದ್ದು ನೆನಪಾಗಿ ಮೇಸ್ತ್ರಿಯ ರಕ್ತ ಕುದಿಯಿತು. ಚೀಲ ಹೊಲಿದು ತರುವ ಅವಳು ದಿಮ್ಮಿಯ ಗೋಡೆಗೆ ಗೋಡೆ ನೆರೆಯವಳು.

"ಮನೇಲಿರೋದು ಅಪ್ಪ ಮಗ ಇಬ್ಬರೇ, ಮೇಸ್ತ್ರಿಗಳೇ. ವಾರಕ್ಕೊಂದು ಸಲ ಬಡಿಯೋ ಸದ್ದು. ಆಮೇಲೆ ಕೋಲು ಲಟ್ ಅಂತ ಮುರಿಯತ್ತೆ. ಆಮೇಲೆ ಆ ಮುದುಕರು ಏದುಸಿರು ಬಿಡೋದು ಕೇಳಿದ್ರೆ ಕರುಳು ಕಿತ್ತು ಬರತ್ತೆ. ಇವನದ್ದು ಒಂದೂ ಮಾತಿಲ್ಲ."

"ಮುದುಕರನ್ನ ಕೇಳಿದ್ರಾ?"

"ಕೇಳ್ದೆ. 'ನಮ್ಮನೆ ಮಾತು ನಿನಗ್ಯಾಕಮ್ಮಾ' ಅಂದ್ರು."

ಹತ್ತು ವರ್ಷದ ಹಿಂದೆ ಮೇಸ್ತ್ರಿಯ ಗೋಡೆಯಾಚೆಯೂ ಇಂಥದೇ ಸದ್ದು ಬರುತ್ತಿತ್ತು. ಊರ ಉಸಾಬರಿ ನಮಗ್ಯಾಕೆ ಎಂದು ಅವನು ರೇಡಿಯೋ ಜೋರು ಮಾಡಿದ್ದ. ನಾಲ್ಕನೆಯ ದಿನ ಆ ಮನೆಯ ಹೆಂಗಸಿನ ಹೆಣ ಹೊರಗೆ ಬಂತು. ಆ ನಾಚಿಕೆ ಅವನನ್ನು ಇವತ್ತಿಗೂ ತಿನ್ನುತ್ತಿತ್ತು. ಇನ್ನೊಂದು ಹೆಣಕ್ಕೆ ತಾನು ಪಾಲುದಾರನಾಗಲಾರೆ ಎಂದುಕೊಂಡು ಎದ್ದು ನಿಂತ. ಬಾಗಿಲ ಬಳಿ ನಿಂತಿದ್ದ ನಲ್ಲಿ ರಿಪೇರಿಯವನಿಗೆ ಕಣ್ಣಲ್ಲೇ ಹೇಳಿದ. ಬಾಗಿಲ ಚಿಲಕ ಬಿತ್ತು.

"ಲೋ, ಹಿಂದಿನ ಕೋಲು ಏನಾಯ್ತು?"

"ಮುರೀತು."

"ಅದರ ಹಿಂದಿನದು?"

"ಅದೂ."

"ಹೇಗೆ ಮುರೀತು?"

ದಿಮ್ಮಿ ನೆಲ ನೋಡಿದ. "ಮನೆ ಮಾತು ಮೇಸ್ತ್ರಿ. ಬಿಟ್ಬಿಡಿ."

ನಲ್ಲಿ ರಿಪೇರಿಯವನ ಮುಷ್ಟಿ ಅವನ ಬಾಯಿಗೆ ಬಿತ್ತು. ತುಟಿ ಒಡೆದು ಗಲ್ಲದ ಮೇಲೆ ರಕ್ತ ಇಳಿಯಿತು. ಇಬ್ಬರನ್ನೂ ಒಂದೇ ಕೈಯಲ್ಲಿ ಮಡಚಿಡಬಲ್ಲ ಆಳು ಕೈ ಎತ್ತಲೇ ಇಲ್ಲ. ಅದು ಮೇಸ್ತ್ರಿಯನ್ನು ಇನ್ನಷ್ಟು ಕೆರಳಿಸಿತು.

"ಹೆತ್ತಪ್ಪನ ಮೇಲೆ ಏಳೋ ಕೈ ನಮ್ಮ ಮುಂದೆ ಏಳಲ್ವೇನೋ? ಬೀಳಿಸಿ ಕೊಲ್ಲೋಕೆ ಅಂತಾನೇ ಇಂಥ ಕೋಲು ಮಾಡ್ತೀಯಾ? ದಂಡಂ ದಶಗುಣಂ ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ!"

ಆ ಮಾತಿಗೆ ದಿಮ್ಮಿ ಥಟ್ಟನೆ ತಲೆ ಎತ್ತಿದ. ಮೇಸ್ತ್ರಿಯ ಕೈಯಲ್ಲಿ ಕೋಲು ಮೇಲೇರುವುದನ್ನು ಕಂಡ. ಓಡಲಿಲ್ಲ. ತಿರುಗಿ ನಿಂತ, ಹೆಬ್ಬೆರಳುಗಳನ್ನು ಮುಷ್ಟಿಯೊಳಗೆ ಸೇರಿಸಿಕೊಂಡ, ಗಲ್ಲವನ್ನು ಎದೆಗೊತ್ತಿ ಬೆನ್ನು ಕೊಟ್ಟ. ದಿನಾ ಮಾಡುವ ಕೆಲಸದಷ್ಟು ಅಚ್ಚುಕಟ್ಟಾಗಿ.

ಮೇಸ್ತ್ರಿ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಮೈಯ ಬಲವನ್ನೆಲ್ಲ ಹಾಕಿ ಬೀಸಿದ. ಒಂದು. ಮೂಟೆಗೆ ಬಡಿದಂಥ ಸದ್ದು. ಎರಡು. ನಲ್ಲಿ ರಿಪೇರಿಯವನು ಕಾಲರಿಗೆ ಕೈ ಹಾಕಿ ಜಗ್ಗಿ ಹಿಡಿದ. ಮೂರನೆಯದಕ್ಕೆ ಕೋಲು ಲಟ್ಟೆಂದು ಎರಡಾಗಿ, ಅರ್ಧ ಹಾರಿ ಕಿಟಕಿಯ ಗಾಜು ಒಡೆಯಿತು.

"ಮುಗೀತಾ, ಅಪ್ಪಾ?" ಎಂದ ದಿಮ್ಮಿ. ಅವನ ಕಣ್ಣುಗಳು ಮುಚ್ಚಿದ್ದವು.

ಜಗ್ಗಿದ ರಭಸಕ್ಕೆ ಅಂಗಿ ಪರ್ರೆಂದು ಹರಿದು ಸೊಂಟದವರೆಗೆ ಇಳಿಯಿತು. ಮೂಲೆಯಲ್ಲಿ ನಿಂತಿದ್ದ ಟೈಲರಮ್ಮ ಚೀರಿ ಬಾಯಿಗೆ ಸೆರಗು ಒತ್ತಿಕೊಂಡಳು. ಆ ಅಗಲ ಬೆನ್ನಿನಲ್ಲಿ ಮೇಸ್ತ್ರಿ ಹೊಡೆದ ಮೂರು ಬಾಸುಂಡೆ ಯಾವುವೆಂದು ಗುರುತಿಸುವಂತಿರಲಿಲ್ಲ. ಬಾಸುಂಡೆಯ ಮೇಲೆ ಬಾಸುಂಡೆ, ಕಪ್ಪಾದದ್ದು, ಹಳದಿಗಟ್ಟಿದ್ದು, ಇನ್ನೂ ಹಸಿಯಾಗಿದ್ದದ್ದು. ಎಲ್ಲವೂ ಒಂದೇ ಅಗಲ.

ಮೇಸ್ತ್ರಿ ಕೈಯಲ್ಲಿ ಉಳಿದಿದ್ದ ತುಂಡನ್ನು ನೋಡಿದ. ಗರಗಸದಲ್ಲಿ ಕೊಯ್ದಷ್ಟು ನೇರವಾಗಿ ಮುರಿದಿತ್ತು.

"ಹೊಡೆಯೋದು ನಿಮ್ಮಪ್ಪನೇನೋ? ಮತ್ಯಾಕಪ್ಪಾ ನೀನೇ ಕೂತು ಕೋಲು ಮಾಡಿಕೊಡ್ತೀಯ?"

ದಿಮ್ಮಿ ಹರಿದ ತೋಳಿನಿಂದ ತುಟಿ ಒರೆಸಿಕೊಂಡು, ನೆಲದ ಮೇಲಿನ ಗಾಜು ಆರಿಸತೊಡಗಿದ. "ಕೋಲಿಲ್ದೆ ಅಪ್ಪಂಗೆ ಎರಡು ಹೆಜ್ಜೆ ಇಡೋಕಾಗಲ್ಲ ಮೇಸ್ತ್ರಿ. ಇದನ್ನ ನೆಟ್ಟಗೆ ಊರಿದ್ರೆ ಎಷ್ಟು ದಿನ ಬೇಕಾದ್ರೂ ತಡೆಯತ್ತೆ. ಬೀಸಿದ್ರೆ ಮಾತ್ರ ಮೂರನೇ ಏಟಿಗೆ ಮುರಿಯತ್ತೆ."