ಅಮ್ಮ ಹೊಳೆಗಿಳಿದ ಮಧ್ಯಾಹ್ನ

ಒದ್ದೆ ಹತ್ತಿ ಸೀರೆಯ ವಾಸನೆ ಬಂದರೆ ಇಂದಿಗೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ. ವಯನಾಡು ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ನನ್ನ ತಮ್ಮ ಜ್ವರದಲ್ಲಿ ತೀರಿಕೊಂಡ ಮೇಲೆ ಅಮ್ಮ ಕಾಟ್ಟಿಕುಳಂನ ಕ್ರೈಸ್ತರ ಪ್ರಾರ್ಥನಾಕೂಟಕ್ಕೆ ಹೋಗತೊಡಗಿದ್ದಳು. ಅಂದು ದೀಕ್ಷಾಸ್ನಾನಕ್ಕೆಂದು ಬಿಳಿ ಸೀರೆಯುಟ್ಟು ಹೊರಟಾಗ ಅಜ್ಜಿ, "ಆ ನೀರಿಗಿಳಿದ್ರೆ ನೀನು ನಮ್ಮವಳಲ್ಲ," ಎಂದಳು. ಅಮ್ಮ ನನ್ನ ಕೈ ಹಿಡಿದು ನಡೆದಳು.

ಹೊಳೆಯಲ್ಲಿ ಪಾಸ್ಟರು ಅವಳ ಬೆನ್ನಿಗೆ ಕೈಕೊಟ್ಟು ಪೂರ್ತಿ ಮುಳುಗಿಸಿ ಎತ್ತಿದರು.

"ಹೆದರಿಕೆ ಆಯ್ತಾ ಅಮ್ಮಾ?" ದಡಕ್ಕೆ ಬಂದವಳನ್ನು ಕೇಳಿದೆ.

"ಇಲ್ಲ ಮಗಾ. ನಿನ್ ತಮ್ಮ ಹೋದ್ಮೇಲೆ ಇವತ್ತೇ ನಂಗೆ ಅಳು ಬಂದಿದ್ದು. ನೀರೊಳಗೇ ಅತ್ಬಿಟ್ಟೆ."

ಸಂಜೆ ಅಜ್ಜಿ ಅಮ್ಮನ ತಟ್ಟೆಯನ್ನು ಹೊರಗೆ ಜಗಲಿಯಲ್ಲಿಟ್ಟಳು. ಅಮ್ಮ ಅಲ್ಲೇ ಕೂತು, ಒಮ್ಮೆ ಬಾಗಿಲ ಮೂಲಕ ನನ್ನತ್ತ ನೋಡಿದಳು. ನಾನು ಒಳಗೆ ಅಜ್ಜಿಯ ಪಕ್ಕದಲ್ಲಿ ತಲೆಯೆತ್ತದೆ ಉಂಡೆ.