ಚೀಲದ ಮೇಲಿನ ಕೈ

ಎರಡು ಬೆರಳಿಲ್ಲದ ಆ ಕೈ ಚೀಲದ ಫೋಟೋದಲ್ಲಿ ಇರದಿದ್ದರೆ ಮಾತ್ರ ನಲವತ್ತು ಚೀಲ ಕೊಳ್ಳುತ್ತೇವೆ ಎಂದು ಹೊರದೇಶದ ಅಂಗಡಿಯವರು ಬರೆದದ್ದನ್ನು ಸೊಸೆ ಫೋನ್ ನೋಡಿ ಓದಿ ಹೇಳಿದಳು. ಅದೇ ಕೈಯಲ್ಲಿ ಚರ್ಮದ ಚೀಲ ಹೊಲಿಯುತ್ತಿದ್ದ ಅತ್ತೆ ಮಷಿನ್ ನಿಲ್ಲಿಸಿದಳು.

“ಇಷ್ಟು ದೊಡ್ಡ ಆರ್ಡರ್ ಇದೇ ಮೊದಲು, ಅತ್ತೆ. ನನ್ನ ಕೈ ಇಟ್ಟು ಫೋಟೋ ತೆಗೀತೀನಿ, ಅಷ್ಟೆ.”

“ನಿನ್ನ ಕೈಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲವಲ್ಲೇ.”

ಸೊಸೆ ನಕ್ಕಳು. ಅತ್ತೆ ನಗಲಿಲ್ಲ. ಕಾರ್ಖಾನೆಯ ಮಷಿನ್ ಎರಡು ಬೆರಳು ನುಂಗಿದ ವಾರವೇ ಮಾಲೀಕ ಅವಳನ್ನು ಮನೆಗೆ ಕಳಿಸಿದ್ದ. ಉಳಿದ ಮೂರರಲ್ಲೇ ಅವಳು ಹೊಲಿಗೆಯನ್ನು ಅಆಇಈಯಿಂದ ಮತ್ತೆ ಕಲಿತಿದ್ದಳು. ಈಗ ಹೊಸ ಚೀಲವನ್ನು ಕಿಟಕಿಯ ಬೆಳಕಿಗೆ ಎಳೆದು, ಅದರ ನಟ್ಟನಡುವೆ ಆ ಕೈಯನ್ನು ಅಗಲಿಸಿ ಊರಿದಳು.

“ಹತ್ತಿರದಿಂದ ತೆಗಿ. ಇದೇ ಕೈ ಹೊಲಿದದ್ದು ಅಂತ ಕೆಳಗೆ ಬರಿ.”

ಸೊಸೆ ಫೋಟೋ ತೆಗೆದು ಹಾಗೇ ಬರೆದಳು. ಮೊದಲು ಆ ಅಂಗಡಿಯವರಿಗೇ ಕಳಿಸಿದಳು.