ಎರಡು ರೇಷ್ಮೆ ಸೀರೆ

“ಈ ಸಲ ಟ್ರಂಕಿನ ಮುಂದ ಕಾವ್ಯಾ ನಿಂದರ್ಲಿ” ಎಂದು ಅತ್ತೆ ಶರಣಮ್ಮ ಅಂದದ್ದೇ ತಡ, ಹಿರಿಸೊಸೆ ನಾಗರತ್ನಾಳ ಹೊಟ್ಟೆಯಲ್ಲಿ ಎದ್ದ ಬೆಂಕಿಗೆ ಇಡೀ ಮಾನ್ವಿಯ ಅನ್ನ ಬೇಯುವಂತಿತ್ತು. ಮನೆಯ ಮದುವೆಗಳಲ್ಲಿ ಬಂದವರಿಗೆ ಟ್ರಂಕಿನಿಂದ ಆಯೇರಿ, ಅಂದರೆ ಉಡುಗೊರೆಯ, ಸೀರೆ ತೆಗೆದು ಕೊಡುವ ಪಟ್ಟ ಅವಳದು. ಯಾರು ಕೊಟ್ಟ ಸೀರೆ ಯಾರಿಗೆ ದಾಟಿಸಬೇಕು, ಯಾರಿಗೆ ಅಪ್ಪಿತಪ್ಪಿಯೂ ಕೊಡಬಾರದು, ಎಲ್ಲಾ ಅವಳ ನಾಲಿಗೆ ತುದಿಯಲ್ಲಿ. ತಾನು ಹುಟ್ಟುವ ಮೊದಲಿನ ಮದುವೆಗಳ ಸೀರೆಯಂಚನ್ನೂ ಹೇಳುತ್ತಿದ್ದಳು, ನಾನೇ ಕೇಳಿದ್ದೇನೆ.

ಕಿರಿಸೊಸೆ ಕಾವ್ಯಾ ರಾಯಚೂರಿನಲ್ಲಿ ಕಂಪ್ಯೂಟರ್ ಕಲಿತವಳು. ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಸ್ಕ್ರಿಪ್ಟ್ ಬರೆದು ಟ್ರಂಕಿನ ಸೀರೆಗಳನ್ನೆಲ್ಲ ‘ಅರೇ’ ಎಂಬ ಒಂದು ಪಟ್ಟಿಯೊಳಗೆ ಕೂಡಿಸತೊಡಗಿದಳು.

“ಖಾನೆ ಖಾನೆ ಇರೋ ಕಪಾಟು ಇದ್ದಂಗ ರೀ ಅತ್ತಿ. ಖಾನೆ ಮ್ಯಾಲ ಕೊಟ್ಟೋರ ಹೆಸರು, ಒಳಗ ಅವರ ಸೀರಿ. ಬಂದೋರ ಹೆಸರು ಹಾಕಿದ್ರ ಸಾಕು, ಅವರ ಖಾನೆ ಬಿಟ್ಟು ಬ್ಯಾರೆ ಖಾನೆದಾಗಿಂದು ಅವರು ಕೊಟ್ಟಂಥದ ಒಂದು ಸೀರಿ ತೋರಿಸ್ತದ, ರೇಷ್ಮಿಗಿ ರೇಷ್ಮಿ.”

“ನೋಡ್ರವ್ವಾ ನಮ್ಮ ಸೊಸಿನ” ಎಂದು ಶರಣಮ್ಮ ಓಣಿಗೆ ಹೇಳಿದ್ದು ಪೋತ್ನಾಳದ ತನಕ ಕೇಳಿಸಿತು.

ಟ್ರಂಕಿನಲ್ಲಿ ರೇಷ್ಮೆಯವು ಎರಡೇ. ಹಸಿರು, ಗಬ್ಬೂರಿನ ಚನ್ನಮಲ್ಲಮ್ಮ ಕೊಟ್ಟದ್ದು; ನೇರಳೆ, ದೇವದುರ್ಗದಿಂದ ನಾಗರತ್ನಾಳ ಅವ್ವ ಬಸಲಿಂಗಮ್ಮ ಕೊಟ್ಟದ್ದು. ಚನ್ನಮಲ್ಲಮ್ಮ ಬಾಯಿ ತೆಗೆದರೆ ಕೃಷ್ಣಾ ನದಿಯೂ ದಾರಿ ಬಿಟ್ಟು ಸರಿಯಬೇಕು. ಅವಳ ಸೀರೆ ಅವಳ ಉಡಿಗೇ ಬಿದ್ದರೆ ಕಾವ್ಯಾಳ ಗತಿ?

“ಅಕ್ಕಾ, ಈ ಎರಡು ಯಾರವ್ರಿ?”

“ಹಸರು ನಮ್ಮವ್ವಂದು, ನ್ಯಾರಳಿ ಗಬ್ಬೂರಂದು” ಎಂದಳು ನಾಗರತ್ನಾ, ರೆಪ್ಪೆ ಬಡಿಯದೆ.

ಮದುವೆ ದಿನ ಹಸಿರು ಸೀರೆ ಸೀದಾ ಚನ್ನಮಲ್ಲಮ್ಮನ ಉಡಿಗೆ ಬಿತ್ತು. ನಾಗರತ್ನಾ ಬೈಗುಳ ಕೇಳಲು ಎರಡು ಹೆಜ್ಜೆ ಹತ್ತಿರ ಸರಿದಳು. ಚನ್ನಮಲ್ಲಮ್ಮ ಮಡಿಕೆ ಬಿಚ್ಚಿ, ಗಲ್ಲಕ್ಕೆ ಒತ್ತಿಕೊಂಡು, “ಎಂಥಾ ಬಣ್ಣ ತಂಗಿ, ಜಲ್ಮದಾಗ ಇಂಥಾದು ನೋಡಿದ್ದಿಲ್ಲ” ಅಂದಳು. ಅಂದು ತನಗೆ ಯಾರೋ ಕೊಟ್ಟದ್ದನ್ನು ಬಿಚ್ಚಿಯೂ ನೋಡದೆ ಈ ಮನೆಗೆ ದಾಟಿಸಿದ್ದ ಪುಣ್ಯಾತ್ಗಿತ್ತಿ.

ಮುಂದಿನ ಹೆಸರು ಬಸಲಿಂಗಮ್ಮನದು. ನೇರಳೆ ಸೀರೆ ಕೈಗೆ ಬಂದದ್ದೇ ಆಕೆ ಎದ್ದು ನಿಂತಳು.

“ನಾ ನಾಕು ಅಂಗಡಿ ಅಡ್ಡಾಡಿ ತಂದ ಸೀರಿ ನನ್ನ ಮಾರಿಗೇ ಒಗದ್ರಿ? ಇದು ನಂದಲ್ಲ ಅಂತ ಈ ಹುಡಿಗಿಗಿ ಹೇಳಿದೋರು ಯಾರು? ಹೆಸರು ಹೇಳ್ರಿ. ಇಲ್ಲಾಂದ್ರ ಉಣ್ಣಲಾರದ ದೇವದುರ್ಗದ ಬಸ್ ಹತ್ತತೀನಿ.”

“ಅದನ್ನೂ ಹಾಕೀನಿ ರೀ ಯವ್ವಾ. ಸೀರಿ ಯಾರದು, ಯಾರ ಬಾಯಿಂದ ಕೇಳಿದ್ದು, ಎಲ್ಲಾ ಖಾನೆದಾಗ ಅದ” ಎಂದು ಕಾವ್ಯಾ ಲ್ಯಾಪ್‌ಟಾಪನ್ನು ಆಕೆಯತ್ತ ತಿರುಗಿಸತೊಡಗಿದಳು.

ನಾಗರತ್ನಾ ಹಾರಿ ಬಂದು ಅದರ ಮುಚ್ಚಳ ಹಾಕಿದಳು.

“ಕರೆಂಟ್ ಹೋತು” ಅಂದಳು.

ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಆ ಗಾಳಿಗೆ ಬಸಲಿಂಗಮ್ಮನ ಕೈಯಲ್ಲಿ ನೇರಳೆ ಸೆರಗು ಪಟಪಟ ಬಡಿದುಕೊಳ್ಳುತ್ತಿತ್ತು.